ಟ್ಯಾಪೆಟ್ ಸದ್ದು ನಿಂತರೆ ಎಂಜಿನ್ ಸರಿಹೋಯಿತೇ? ಹಳೆಯ ಸ್ಪೋರ್ಟ್ಸ್ ಕಾರು, ಅಂಬಾಸಡರ್ ಇರುವವರು ತಿಳಿಯಬೇಕಾದದ್ದು

ಹಳೆ ಗಾಡಿ ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಆಗಾಗ ತಿರುಗುತ್ತಿರುತ್ತದೆ. ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿ, ಟಕ್ ಟಕ್ ಎನ್ನುವ ಟ್ಯಾಪೆಟ್ಟಿನ ಸ್ಕ್ರೂವನ್ನು ಸದ್ದು ನಿಲ್ಲುವವರೆಗೆ ಬಿಗಿ ಮಾಡಿ, ಮೈಲೇಜ್ ಹೆಚ್ಚುತ್ತದೆ, ಗ್ಯಾರೇಜಿನ ಖರ್ಚು ಉಳಿಯುತ್ತದೆ ಎಂಬುದು ಅದರ ಸಾರ. ಕೆಲವು ಸಂದೇಶಗಳ ಕೊನೆಯಲ್ಲಿ ‘15 ನಂಬರ್ ಗೇಜ್ ಇಡಿ, ಸಾಕು’ ಎಂಬ ಸಾಲೂ ಇರುತ್ತದೆ.

ಇದರಲ್ಲಿ ಅರ್ಧ ನಿಜ ಇದೆ. ಹಳೆಯ ಕಾರುಗಳಲ್ಲಿ ವಾಲ್ವ್ ಸೆಟ್ಟಿಂಗ್ ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ‘ಸದ್ದು ನಿಲ್ಲುವವರೆಗೆ ಬಿಗಿ ಮಾಡಿ’ ಎಂಬ ಮಾತು ಮಾತ್ರ ಪೂರ್ತಿ ಸುಳ್ಳು. ಅದನ್ನು ನಂಬಿದವರ ಎಂಜಿನ್ ಕೆಲವೇ ತಿಂಗಳಲ್ಲಿ ಹೆಡ್ ಇಳಿಸುವ ಸ್ಥಿತಿಗೆ ಬರಬಹುದು. ಸದ್ದು ಮಾಡುವ ವಾಲ್ವ್‌ಗಿಂತ ಸದ್ದಿಲ್ಲದ ವಾಲ್ವ್ ಹೆಚ್ಚು ಅಪಾಯಕಾರಿ. ಯಾಕೆ ಎಂದು ನೋಡೋಣ.

ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೊದಲು ಒಂದು ಸಂಗತಿ ಹೇಳಬೇಕು. 1955ರಲ್ಲಿ ಇಂಗ್ಲೆಂಡಿನ ಎಂಜಿ ಕಂಪನಿ ‘ಎಂಜಿಎ’ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದಿತು. ಅದರೊಳಗಿದ್ದದ್ದು ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಎಂಬ 1489 ಸಿಸಿ ಎಂಜಿನ್. ನಮ್ಮ ಹಿಂದೂಸ್ತಾನ್ ಅಂಬಾಸಡರ್ ದಶಕಗಟ್ಟಲೆ ಓಡಿದ್ದು ಇದೇ ಮನೆತನದ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಮೇಲೆ. ಕಾರ್ಬ್ಯುರೇಟರ್, ಕ್ಯಾಮ್, ಕಂಪ್ರೆಶನ್‌ನಂಥ ವಿಷಯಗಳಲ್ಲಿ ಸ್ಪೋರ್ಟ್ಸ್ ಕಾರಿನದು ಬೇರೆ. ಆದರೆ ಮುಚ್ಚಳ ಬಿಚ್ಚಿದರೆ ಕಾಣುವ ರಾಕರ್, ಪುಶ್ ರಾಡ್, ಎಂಟು ವಾಲ್ವ್‌ಗಳ ಜೋಡಣೆ ಒಂದೇ ಬಗೆಯದು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಕತೆಯೂ ಹೀಗೆಯೇ. ಅದರ ಎಂಜಿನ್ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಹತ್ತಿರದ ಸಂಬಂಧಿ. ಹಾಗಾಗಿ ಕೆಎ 38 ಅಥವಾ ಕೆಎ 39 ನಂಬರಿನ ಹಳೆ ಪೆಟ್ರೋಲ್ ಅಂಬಾಸಡರ್ ಮನೆಯ ಮುಂದೆ ನಿಂತಿದ್ದರೆ, ವಾಲ್ವ್ ಸೆಟ್ಟಿಂಗ್ ಮಟ್ಟಿಗೆ ನೀವು ಒಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಯಜಮಾನರೇ.

ಆ ಕೂದಲೆಳೆಯ ಗ್ಯಾಪ್ ಯಾಕೆ ಬೇಕು

ಎಂಜಿನ್ನಿನ ಒಳಗೆ ವಾಲ್ವ್ ಎಂದರೆ ಬಾಗಿಲು. ಒಂದು ಬಾಗಿಲಿನಿಂದ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ, ರಾಕರ್ ಎಂಬ ಸಣ್ಣ ತೋಳು ಒತ್ತಿ ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

ವಾಲ್ವ್ ಮುಚ್ಚಿದಾಗ ರಾಕರ್ ಮತ್ತು ವಾಲ್ವಿನ ತುದಿಯ ನಡುವೆ ಒಂದು ಸಣ್ಣ ಜಾಗ ಉಳಿಯಬೇಕು. ಮೆಕ್ಯಾನಿಕ್‌ಗಳು ಟ್ಯಾಪೆಟ್ ಗ್ಯಾಪ್ ಎನ್ನುವುದು ಇದಕ್ಕೇ. ರಾಕರ್ ಆ ಜಾಗ ದಾಟಿ ವಾಲ್ವನ್ನು ಬಡಿಯುವಾಗ ಟಕ್ ಎಂಬ ಸದ್ದು ಬರುತ್ತದೆ. ಅಂದರೆ ಸಣ್ಣ ಸದ್ದು ಕಾಯಿಲೆಯಲ್ಲ. ಜಾಗ ಇದೆ ಎನ್ನುವುದಕ್ಕೆ ಅದು ಸಾಕ್ಷಿ.

ಜಾಗ ಯಾಕೆ ಬೇಕೆಂದರೆ ಕಬ್ಬಿಣ ಕಾದರೆ ಉದ್ದವಾಗುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಕಟ್ಟುವಾಗ ಕಮ್ಮಾರರು ಅದನ್ನು ಕಾಯಿಸಿ ಹಿಗ್ಗಿಸಿ ಹಾಕುತ್ತಾರಲ್ಲ, ಅದೇ ಲೆಕ್ಕ ಇಲ್ಲಿಯದೂ. 100 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿ 300 ಡಿಗ್ರಿ ಹೆಚ್ಚು ಕಾದರೆ ಸುಮಾರು 0.36 ಮಿಲಿಮೀಟರ್ ಬೆಳೆಯುತ್ತದೆ. ಹೊಗೆ ಹೊರಹಾಕುವ ಎಕ್ಸಾಸ್ಟ್ ವಾಲ್ವಿನ ತಲೆ ಬಿರುಸಿನ ಓಟದಲ್ಲಿ 700 ಡಿಗ್ರಿ ದಾಟಿ ಕೆಂಪಗೆ ಕಾಯುತ್ತದೆ. ಎಂಜಿನ್ನಿನ ಉಳಿದ ಭಾಗವೂ ಸ್ವಲ್ಪ ಹಿಗ್ಗುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ವಾಲ್ವಿಗೆ ಬೆಳೆಯಲು ಜಾಗ ಬಿಡಲೇಬೇಕು.

ಸದ್ದು ನಿಲ್ಲಲಿ ಎಂದು ಗ್ಯಾಪನ್ನೇ ಮುಚ್ಚಿಬಿಟ್ಟರೆ, ಎಂಜಿನ್ ಕಾದ ಮೇಲೆ ಬೆಳೆದ ವಾಲ್ವಿಗೆ ಹೋಗಲು ಜಾಗವಿಲ್ಲ. ರಾಕರ್ ಅದನ್ನು ಒತ್ತಿ ಹಿಡಿಯುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಒಂದು ಸೀಳು ಉಳಿಯುತ್ತದೆ. ಪ್ರತಿ ಸ್ಫೋಟದ ಬೆಂಕಿ ಆ ಸೀಳಿನಿಂದ ಗ್ಯಾಸ್ ಕಟ್ಟರ್‌ನಂತೆ ನುಗ್ಗುತ್ತದೆ. ಇದರ ಜೊತೆಗೆ ಇನ್ನೊಂದು ಪೆಟ್ಟೂ ಬೀಳುತ್ತದೆ. ವಾಲ್ವ್ ತನ್ನ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ಬಿಟ್ಟುಕೊಡುವುದು ಸೀಟಿನ ಮೇಲೆ ಕೂತಾಗಲೇ. ಕೂರಲು ಬಿಡದಿದ್ದರೆ ಅದು ತಣ್ಣಗಾಗುವ ದಾರಿಯೇ ಮುಚ್ಚಿತು. ಕೊನೆಗೆ ವಾಲ್ವಿನ ಅಂಚು ಸುಟ್ಟು, ಕಚ್ಚಿದ ರೊಟ್ಟಿಯಂತೆ ಒಂದು ತುಂಡು ಹಾರಿಹೋಗುತ್ತದೆ. ಆಮೇಲೆ ಹೆಡ್ ಇಳಿಸಬೇಕು, ವಾಲ್ವ್ ಬದಲಿಸಬೇಕು, ಸೀಟ್ ಕಡೆಯಿಸಬೇಕು. ಹಳೆ ಗಾಡಿಯಾದರೆ ಬಿಡಿಭಾಗ ಹುಡುಕಲು ಹೈದರಾಬಾದಿನವರೆಗೆ ಓಡಾಡಬೇಕಾಗಬಹುದು.

ಗ್ಯಾಪ್ ಹೆಚ್ಚಾದರೆ ನಷ್ಟವಿಲ್ಲವೇ? ಇದೆ. ವಾಲ್ವ್ ತಡವಾಗಿ, ಕಡಿಮೆ ತೆರೆಯುತ್ತದೆ. ಎಂಜಿನ್ ಸ್ವಲ್ಪ ಸೋಮಾರಿಯಾಗುತ್ತದೆ, ಬಡಿತದಿಂದ ತುದಿಗಳು ಸವೆಯುತ್ತವೆ. ಆದರೆ ಇದು ನಿಧಾನದ ನಷ್ಟ, ಕಿವಿಗೆ ಕೇಳಿಸುವ ನಷ್ಟ. ಬಿಗಿಯಾದ ವಾಲ್ವ್ ಯಾವ ಸುಳಿವನ್ನೂ ಕೊಡದೆ ಸುಡುತ್ತದೆ.

ಗಾಡಿ ತಾನಾಗಿ ಮೌನವಾದರೆ

ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಎರಡು ವರ್ಷದ ಹಿಂದೆ ಟಕ್ ಟಕ್ ಎನ್ನುತ್ತಿದ್ದ ಎಂಜಿನ್ ಈಗ ಯಾರೂ ಮುಟ್ಟದೆಯೇ ಮೆತ್ತಗೆ ಓಡುತ್ತಿದೆ ಎಂದರೆ ‘ಎಂಜಿನ್ ಸೆಟ್ಟಾಯಿತು’ ಎಂದು ಖುಷಿಪಡುತ್ತೇವೆ. ಆಗಲೇ ಗೇಜ್ ಹಿಡಿದು ನೋಡಬೇಕು.

ಸವೆತ ಎರಡು ದಿಕ್ಕಿನಲ್ಲಿ ನಡೆಯುತ್ತದೆ. ರಾಕರ್, ಪುಶ್ ರಾಡ್, ಕ್ಯಾಮ್ ಸವೆದರೆ ಗ್ಯಾಪ್ ಹೆಚ್ಚುತ್ತದೆ, ಸದ್ದೂ ಹೆಚ್ಚುತ್ತದೆ. ಆದರೆ ವಾಲ್ವ್ ಕೂರುವ ಸೀಟ್ ಸವೆದರೆ ವಾಲ್ವ್ ಹೆಡ್ಡಿನೊಳಕ್ಕೆ ಇನ್ನಷ್ಟು ಮುಳುಗುತ್ತದೆ, ಅದರ ಬಾಲ ರಾಕರ್ ಕಡೆಗೆ ಮೇಲೇರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಸದ್ದು ತಾನಾಗಿ ಇಳಿಯುತ್ತದೆ.

ಹಳೆಯ ಕಾರುಗಳಲ್ಲಿ ಇದು ಹೆಚ್ಚು. ಅವು ಹುಟ್ಟಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಸೀಸದ ತೆಳು ಪದರ ಸೀಟಿನ ಮೇಲೆ ಕೂತು ಲೋಹಕ್ಕೆ ಲೋಹ ಅಂಟದಂತೆ ಕಾಯುತ್ತಿತ್ತು. ಆರೋಗ್ಯಕ್ಕೆ ಅದು ವಿಷ. ಮುಖ್ಯವಾಗಿ ಮಕ್ಕಳ ಮಿದುಳಿಗೆ. ಹಾಗಾಗಿ 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಹೊಸ ಎಂಜಿನ್‌ಗಳಲ್ಲಿ ಗಟ್ಟಿ ಸೀಟ್ ಇರುತ್ತದೆ, ಅವುಗಳಿಗೆ ತೊಂದರೆಯಿಲ್ಲ. ಬೀಡು ಕಬ್ಬಿಣದ ಹೆಡ್ಡಿನಲ್ಲೇ ಸೀಟ್ ಕಡೆದಿರುವ ಹಳೆ ಎಂಜಿನ್‌ಗಳಲ್ಲಿ ಮಾತ್ರ ಎಕ್ಸಾಸ್ಟ್ ಸೀಟ್ ಸವೆಯುತ್ತದೆ. ಊರೊಳಗೆ, ಸಂತೆಗೆ, ಭಾಲ್ಕಿಗೆ ಹೋಗಿಬರುವಷ್ಟು ನಿಧಾನದ ಓಡಾಟದಲ್ಲಿ ಸವೆತ ಕಡಿಮೆ. ಹೈವೇ ಹಿಡಿದು ಗಂಟೆಗಟ್ಟಲೆ ಜೋರಾಗಿ ಓಡಿಸಿದರೆ ಹೆಚ್ಚು. ಎಲ್‌ಪಿಜಿ ಕಿಟ್ ಹಾಕಿಸಿದ ಹಳೆ ಗಾಡಿಗಳಲ್ಲೂ ಇದೇ ತೊಂದರೆ ಕಾಣುತ್ತದೆ. ಅಂಥವರು ಗ್ಯಾಪನ್ನು ಬೇರೆಯವರಿಗಿಂತ ಬೇಗ ಬೇಗ ನೋಡಿಕೊಳ್ಳಬೇಕು.

‘15’ ಎಂದರೆ ಯಾವ 15?

ಫಾರ್ವರ್ಡಿನ ಕೊನೆಯ ಸಾಲು ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು, ಏಕೆಂದರೆ ಅದು ನೋಡಲು ತುಂಬ ಖಚಿತವಾಗಿದೆ.

ಬಿ ಸೀರೀಸ್ ಎಂಜಿನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಕೈಪಿಡಿ ಹೇಳುವ ಗ್ಯಾಪ್ ತಣ್ಣಗಿದ್ದಾಗ 0.015 ಇಂಚು. ಹಳೆಯ ಮೇಸ್ತ್ರಿಗಳು ಇದನ್ನು ‘ಹದಿನೈದು ಥೌ’ ಎನ್ನುತ್ತಾರೆ. ಮಿಲಿಮೀಟರಿನಲ್ಲಿ ಇದು 0.38. ಇನ್ನು ಮಾರುತಿ 800 ಕಾಲದ ಸುಜುಕಿ ಎಂಜಿನ್‌ಗಳಲ್ಲಿ ತಣ್ಣಗಿದ್ದಾಗ ಇಡುವುದು 0.15 ಮಿಲಿಮೀಟರ್ ಆಸುಪಾಸು. ಆ ಗಾಡಿಗಳಲ್ಲಿ ಕೈ ಪಳಗಿದವರೂ ಇದನ್ನು ‘ಹದಿನೈದು’ ಎಂದೇ ಕರೆಯುತ್ತಾರೆ. ಎರಡೂ ಹದಿನೈದೇ, ಆದರೆ ಒಂದು ಇನ್ನೊಂದರ ಎರಡೂವರೆ ಪಟ್ಟು. ಇಂಚಿನ ಹದಿನೈದು ಬೇಕಾದ ಎಂಜಿನ್ನಿಗೆ ಮಿಲಿಮೀಟರಿನ ಹದಿನೈದು ಇಟ್ಟರೆ ಎಂಜಿನ್ ಬಲು ಮೆತ್ತಗೆ ಓಡುತ್ತದೆ, ವಾಲ್ವ್ ಸುಡುವವರೆಗೆ.

ಸ್ಪಿಟ್‌ಫೈರ್ ಮತ್ತು ಹೆರಾಲ್ಡ್ ಮನೆತನಕ್ಕೆ 0.010 ಇಂಚು, ಅಂದರೆ 0.25 ಮಿಲಿಮೀಟರ್. ಡೀಸೆಲ್ ಅಂಬಾಸಡರ್, ಆಮೇಲೆ ಬಂದ ಇಸುಜು ಎಂಜಿನ್ನಿನ ಅಂಬಾಸಡರ್ ಇವುಗಳ ಅಳತೆ ಬೇರೆ. ಫೀಲರ್ ಗೇಜ್ ಕೊಳ್ಳುವಾಗ ಎಲೆಗಳ ಮೇಲೆ ಇಂಚು, ಮಿಲಿಮೀಟರ್ ಎರಡೂ ಬರೆದಿರುವುದನ್ನೇ ಕೊಳ್ಳಿ. ಕೆಲವು ನೂರು ರೂಪಾಯಿಯ ಸಾಮಾನು ಅದು. ನಿಮ್ಮ ಗಾಡಿಯ ಅಳತೆಯನ್ನು ಕೈಪಿಡಿಯಲ್ಲಿ ನೋಡಿ, ದಶಮಾಂಶ ಮತ್ತು ಮಾನ ಎರಡನ್ನೂ ಸೇರಿಸಿ ಬರೆದಿಟ್ಟುಕೊಳ್ಳಿ.

‘ತಣ್ಣಗೆ’ ಎಂದರೆ ಎಷ್ಟು ತಣ್ಣಗೆ ಎಂಬ ಪ್ರಶ್ನೆಯೂ ಬರುತ್ತದೆ. ಬೀದರ್ ಕಡೆ ಜನವರಿಯ ಬೆಳಗ್ಗೆ 10 ಡಿಗ್ರಿಯ ಹತ್ತಿರ, ಮೇ ತಿಂಗಳ ಮಧ್ಯಾಹ್ನ 40. ಈ 30 ಡಿಗ್ರಿಯ ಅಂತರ ದೊಡ್ಡದಲ್ಲ, ಏಕೆಂದರೆ ವಾಲ್ವ್ ಮತ್ತು ಹೆಡ್ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಗಾಡಿ ರಾತ್ರಿಯಿಡೀ ನಿಂತಿರಬೇಕು, ಅಷ್ಟೇ. ಬೆಳಗ್ಗೆ ಹಾಲಿಗೆ ಹೋಗಿಬಂದು ‘ಈಗ ಮಾಡೋಣ’ ಎಂದರೆ ಆಗದು. ಕೆಲವು ಕೈಪಿಡಿಗಳು ಬಿಸಿ ಎಂಜಿನ್ನಿನ ಅಳತೆಯನ್ನೇ ಕೊಡುತ್ತವೆ. ತಣ್ಣನೆಯದಕ್ಕೆ ಕೊಟ್ಟ ಅಂಕಿಯನ್ನು ಬಿಸಿಯಲ್ಲಿ, ಬಿಸಿಯದನ್ನು ತಣ್ಣಗಿದ್ದಾಗ ಬಳಸಬೇಡಿ.

ಮನೆಯಲ್ಲಿ ಮಾಡುವ ಬಗೆ

ಇಲ್ಲಿ ಹೇಳುತ್ತಿರುವುದು ನಾಲ್ಕು ಸಿಲಿಂಡರಿನ, ಎಂಟು ವಾಲ್ವಿನ ಹಳೆ ಪುಶ್ ರಾಡ್ ಪೆಟ್ರೋಲ್ ಎಂಜಿನ್ನಿಗೆ, ಅಂದರೆ ಎಂಜಿಎ, ಎಂಜಿಬಿ, ಹಳೆ ಅಂಬಾಸಡರ್, ಹೆರಾಲ್ಡ್ ಬಗೆಗೆ.

ಗಾಡಿ ಸಮತಟ್ಟು ನೆಲದಲ್ಲಿರಲಿ. ಇಗ್ನಿಶನ್ ಬಂದ್, ಬ್ಯಾಟರಿಯ ಒಂದು ವೈರು ಕಳಚಿ. ಮುಚ್ಚಳ ತೆಗೆಯುವ ಮೊದಲು ಅದರ ಸುತ್ತ ಚೆನ್ನಾಗಿ ಒರೆಸಿ. ಕೆಂಪು ಮಣ್ಣಿರಲಿ ಕರಿ ಮಣ್ಣಿರಲಿ, ನಮ್ಮ ಕಡೆಯ ಧೂಳು ರಾಕರ್ ಮೇಲೆ ಬಿದ್ದರೆ ಉಜ್ಜುಕಾಗದ ಇಟ್ಟಂತೆ. ಸ್ಪಾರ್ಕ್ ಪ್ಲಗ್‌ಗಳ ವೈರಿಗೆ 1, 2, 3, 4 ಎಂದು ಟೇಪ್ ಅಂಟಿಸಿ ಪ್ಲಗ್ ಬಿಚ್ಚಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ತಿರುಗಿಸಲು ಹಳೆಯ ಹ್ಯಾಂಡಲ್ ಇದ್ದರೆ ಸರಿ. ಇಲ್ಲದಿದ್ದರೆ ಗಾಡಿಯನ್ನು ನಾಲ್ಕನೇ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಒಬ್ಬರು ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ತಳ್ಳುವುದು ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಆಮೇಲೆ ಕೈ ಹಾಕಿ. ತಳ್ಳುವಾಗ ಯಾರ ಕೈಯೂ ಫ್ಯಾನ್ ಬೆಲ್ಟಿನ ಹತ್ತಿರ ಇರಬಾರದು. ಮಕ್ಕಳನ್ನು ದೂರ ಕಳಿಸಿ.

ಯಾವ ವಾಲ್ವನ್ನು ಯಾವಾಗ ಮುಟ್ಟಬೇಕು? ಇದಕ್ಕೆ ಹಳಬರು ಒಂದು ಸೊಗಸಾದ ಲೆಕ್ಕ ಇಟ್ಟಿದ್ದಾರೆ, ಒಂಬತ್ತರ ಲೆಕ್ಕ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳಿಗೆ 1ರಿಂದ 8ರವರೆಗೆ ನಂಬರ್ ಕೊಡಿ. 8ನೆಯದು ಪೂರ್ತಿ ಒತ್ತಿಕೊಂಡು ತೆರೆದಿದ್ದಾಗ 1ನೆಯದನ್ನು ಸೆಟ್ ಮಾಡಿ. 6 ತೆರೆದಿದ್ದಾಗ 3. 4 ತೆರೆದಿದ್ದಾಗ 5. 7 ತೆರೆದಿದ್ದಾಗ 2. ಎರಡನ್ನೂ ಕೂಡಿದರೆ ಯಾವಾಗಲೂ 9 ಬರಬೇಕು. ಮುಂದೆ 1ಕ್ಕೆ 8, 3ಕ್ಕೆ 6, 5ಕ್ಕೆ 4, 2ಕ್ಕೆ 7. ಹೀಗೆ ಮಾಡಿದರೆ ನೀವು ಮುಟ್ಟುವ ವಾಲ್ವ್ ಖಂಡಿತ ಪೂರ್ತಿ ಮುಚ್ಚಿರುತ್ತದೆ. ಬಿ ಸೀರೀಸಿನಲ್ಲಿ 1, 4, 5, 8 ಎಕ್ಸಾಸ್ಟ್, ನಡುವಿನ 2, 3, 6, 7 ಇನ್‌ಲೆಟ್.

ಮೊದಲು ಏನನ್ನೂ ಬಿಚ್ಚದೆ ಎಂಟರ ಗ್ಯಾಪನ್ನೂ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಈ ಕಾಗದವೇ ಮುಂದಿನ ವರ್ಷ ಎಂಜಿನ್ನಿನ ಆರೋಗ್ಯದ ಚೀಟಿ. ಪ್ರತಿ ಸಲ 4ನೆಯದರ ಗ್ಯಾಪ್ ಮಾತ್ರ ಕುಗ್ಗುತ್ತಿದ್ದರೆ ಆ ಸೀಟ್ ಮುಳುಗುತ್ತಿದೆ ಎಂದು ತಿಳಿಯುತ್ತದೆ.

ಗೇಜಿನ ಎಲೆಯನ್ನು ರಾಕರ್ ಮತ್ತು ವಾಲ್ವ್ ತುದಿಯ ನಡುವೆ ತೂರಿಸಿ. ಅದು ಸಡಿಲವಾಗಿ ಅಲ್ಲಾಡಬಾರದು, ಸಿಕ್ಕಿಹಾಕಿಕೊಳ್ಳಲೂಬಾರದು. ದಪ್ಪ ಪುಸ್ತಕದ ನಡುವಿನಿಂದ ಹಾಳೆ ಎಳೆದಂತೆ ಸಣ್ಣ ತಡೆ ಕೈಗೆ ತಿಳಿಯಬೇಕು. ತಪ್ಪಿದ್ದರೆ ರಿಂಗ್ ಪಾನಾದಿಂದ ಲಾಕ್ ನಟ್ ಸಡಿಲಿಸಿ, ಸ್ಕ್ರೂಡ್ರೈವರಿನಿಂದ ಸ್ಕ್ರೂ ತಿರುಗಿಸಿ ಸರಿ ಮಾಡಿ. ಸ್ಕ್ರೂವನ್ನು ಅಲುಗದಂತೆ ಹಿಡಿದೇ ನಟ್ ಬಿಗಿ ಮಾಡಬೇಕು. ನಟ್ ಬಿಗಿಯಾಗುವಾಗ ಗ್ಯಾಪ್ ಬಹುತೇಕ ಒಂದಿಷ್ಟು ಬದಲಾಗುತ್ತದೆ, ಹಾಗಾಗಿ ಮತ್ತೊಮ್ಮೆ ಗೇಜ್ ಹಾಕಿ ನೋಡಿ. ಮೊದಲ ಸಲ ಒಂದೊಂದಕ್ಕೂ ಮೂರು ನಾಲ್ಕು ಯತ್ನ ಬೇಕಾಗುತ್ತದೆ. ಅನುಮಾನ ಬಂದರೆ ಬಿಗಿಯ ಕಡೆಗಲ್ಲ, ಸಡಿಲದ ಕಡೆಗೆ ಬಿಡಿ.

ಎಲ್ಲವನ್ನೂ ಅಳತೆಯಂತೆ ಇಟ್ಟರೂ ಒಂದು ರಾಕರ್ ಸದ್ದು ಮಾಡುತ್ತಲೇ ಇದ್ದರೆ ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ವರ್ಷಗಟ್ಟಲೆ ಬಡಿದು ಅಲ್ಲಿ ಗುಂಡಿ ಬಿದ್ದಿರಬಹುದು. ಚಪ್ಪಟೆ ಗೇಜ್ ಗುಂಡಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಅದಕ್ಕೆ ಮದ್ದು ರಾಕರ್ ರಿಪೇರಿ. ಸ್ಕ್ರೂ ಬಿಗಿ ಮಾಡುವುದಲ್ಲ, ದಪ್ಪ ಆಯಿಲ್ ಸುರಿಯುವುದಂತೂ ಅಲ್ಲವೇ ಅಲ್ಲ.

ಮುಚ್ಚಳ ಮರಳಿ ಹಾಕುವಾಗ ಕಾರ್ಕ್ ಗ್ಯಾಸ್ಕೆಟ್ ಹರಿದಿದ್ದರೆ ಹೊಸದು ಹಾಕಿ. ನಟ್‌ಗಳನ್ನು ಜೋರಾಗಿ ಬಿಗಿದರೆ ಮುಚ್ಚಳ ಸೊಟ್ಟಗಾಗಿ ಆಯಿಲ್ ಸೋರುತ್ತದೆ. ಎಂಜಿನ್ ಚಾಲೂ ಮಾಡಿ ನೋಡುವುದು ಬಯಲಿನಲ್ಲಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಇದೇ ಉಪಾಯ ಬೈಕಿಗೆ, ಹೊಸ ಕಾರಿಗೆ ಹೊಂದುತ್ತದೆಯೇ?

ಒಂದು ಗಾಡಿಯ ಸಲಹೆಯನ್ನು ಎಲ್ಲ ಗಾಡಿಗೂ ಹಂಚುವುದೇ ಫಾರ್ವರ್ಡಿನ ದೊಡ್ಡ ದೋಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಟ್ಯಾಪೆಟ್ಟೇ ಇಲ್ಲ. ಯಾರಾದರೂ ಹಳೆ ಯೆಜ್ಡಿಯ ಟ್ಯಾಪೆಟ್ ಸೆಟ್ ಮಾಡಿದೆ ಎಂದು ದುಡ್ಡು ಕೇಳಿದರೆ ಎಲ್ಲಿದೆ ತೋರಿಸಿ ಎನ್ನಿ. 2018ರ ನಂತರ ಬಂದ ಹೊಸ ಜಾವಾ, ಯೆಜ್ಡಿಗಳು ಫೋರ್ ಸ್ಟ್ರೋಕ್, ಅವುಗಳ ಮಾತು ಬೇರೆ.

ಹಳೆ ಕಾಸ್ಟ್ ಐರನ್ ಬುಲೆಟ್ಟಿನ ಲೆಕ್ಕ ಕಾರಿಗೆ ತದ್ವಿರುದ್ಧ. ಅದರಲ್ಲಿ ಎಂಜಿನ್ ಕಾದಂತೆ ಸಿಲಿಂಡರ್ ಮತ್ತು ಹೆಡ್ ಎತ್ತರ ಬೆಳೆದು ಗ್ಯಾಪ್ ಹೆಚ್ಚುತ್ತದೆ. ಹಾಗಾಗಿ ತಣ್ಣಗಿದ್ದಾಗ ಪುಶ್ ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು ಎಂಬಂತೆ ಇಡುತ್ತಾರೆ. ಎಕ್ಸಾಸ್ಟಿಗೆ ಮಾತ್ರ ಕೂದಲಿನಷ್ಟು ಸಡಿಲ. ‘ಬಿಗಿ ಮಾಡಿ’ ಎಂಬ ಸಲಹೆ ಬಹುಶಃ ಇಲ್ಲಿಂದಲೇ ಕಾರಿಗೆ ವಲಸೆ ಹೋಗಿರಬೇಕು ಎಂಬುದು ನಮ್ಮ ಊಹೆ. ಆಮೇಲೆ ಬಂದ ಯುಸಿಇ ಎಂಜಿನ್ ಬುಲೆಟ್‌ಗಳಲ್ಲಿ, ಹಲವು ಹೊಸ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಗ್ಯಾಪ್ ತಾನೇ ಸರಿಹೋಗುವ ಹೈಡ್ರಾಲಿಕ್ ವ್ಯವಸ್ಥೆ ಇದೆ. ಇನ್ನು ಕೆಲವು ಹೊಸ ಎಂಜಿನ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ಅಳತೆಯ ಬಿಲ್ಲೆ ಬದಲಿಸಬೇಕು. ಅದು ಮನೆಯ ಕೆಲಸವಲ್ಲ.

ಮೈಲೇಜಿನ ಮಾತಿಗೆ ಬಂದರೆ, ಗ್ಯಾಪ್ ಮೊದಲೇ ಕೆಟ್ಟಿದ್ದರೆ ಸರಿಮಾಡಿದ ಮೇಲೆ ಎಂಜಿನ್ ಚುರುಕಾಗುತ್ತದೆ. ಸರಿಯಿದ್ದ ಗ್ಯಾಪನ್ನು ಬಿಗಿ ಮಾಡಿದರೆ ಒಂದು ಹನಿ ಪೆಟ್ರೋಲೂ ಉಳಿಯದು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ವಾಲ್ವ್ ಸ್ವಚ್ಛವಾಗುತ್ತದೆ ಎಂಬುದೂ ಸುಳ್ಳು. ಎಂಜಿನ್ ನಾಕ್ ಹೊಡೆಯುತ್ತದೆ, ಬಿಸಿ ಇನ್ನಷ್ಟು ಏರುತ್ತದೆ.

ಫಾರ್ವರ್ಡ್ ನೋಡಿ ಈಗಾಗಲೇ ಬಿಗಿ ಮಾಡಿದ್ದೀರಾ? ಗಾಡಿ ಓಡಿಸಬೇಡಿ. ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಮೇಲೆ ಹೇಳಿದಂತೆ ಸರಿಯಾದ ಗ್ಯಾಪ್ ಇಡಿ. ಆಮೇಲೂ ಐಡ್ಲಿಂಗಿನಲ್ಲಿ ಎಂಜಿನ್ ಒಂದೇ ಲಯದಲ್ಲಿ ಕುಂಟುತ್ತಿದ್ದರೆ ಸೈಲೆನ್ಸರ್ ಬಾಯಿಗೆ ಒಂದು ತುಂಡು ಕಾಗದ ಹಿಡಿದು ನೋಡಿ, ಕೈ ಸೈಲೆನ್ಸರಿಗೆ ತಾಗದಿರಲಿ. ಹೊಗೆ ಕಾಗದವನ್ನು ಹೊರಕ್ಕೆ ತಳ್ಳುತ್ತಲೇ ಇರಬೇಕು. ನಡುನಡುವೆ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿರುವ ಸಾಧ್ಯತೆ ಇದೆ. ಆಗ ಮೆಕ್ಯಾನಿಕ್ ಹತ್ತಿರ ಹೋಗಿ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಸಿ. ಒಂದರಲ್ಲಿ ಮಾತ್ರ ಒತ್ತಡ ತೀರ ಕಡಿಮೆ ಬಂದು, ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಅಳೆದರೂ ಏರದಿದ್ದರೆ ತೊಂದರೆ ಪಿಸ್ಟನ್ ರಿಂಗಿನದಲ್ಲ, ಬಹುಮಟ್ಟಿಗೆ ವಾಲ್ವಿನದು. ಹೆಡ್ ಇಳಿಸಿದಾಗ ಗಟ್ಟಿ ಎಕ್ಸಾಸ್ಟ್ ಸೀಟ್ ಕೂರಿಸಲು ಆಗುತ್ತದೆಯೇ ಎಂದು ಆಗಲೇ ಕೇಳಿ. ಕೂರಿಸಿದರೆ ಸೀಸವಿಲ್ಲದ ಪೆಟ್ರೋಲಿನ ಚಿಂತೆಯೂ ಅದರೊಂದಿಗೆ ಮುಗಿಯುತ್ತದೆ.